ಕಾಡಿನಲ್ಲಿ ಜಂಗಮ ದರ್ಶನ: ಋತುಗಳ ಪಾಠ



ಸ್ಥಾವರವೆಂದರೆ ನಿಂತದ್ದು, ಜಂಗಮವೆಂದರೆ ಚಲಿಸುವಂಥದ್ದು. ಶರಣರು ಜಂಗಮಕ್ಕೆ ಹಿರಿಮೆ ಕೊಟ್ಟರೆಂಬುದು ನಮಗೆಲ್ಲ ತಿಳಿದ ವಿಷಯ. ಆದರೆ ಮರವನ್ನು ಕಂಡಾಗ ನಾವು ಅದನ್ನು ಸ್ಥಾವರವೆಂದೇ ಎಣಿಸಿ ಮುಂದೆ ಹೋಗಿಬಿಡುತ್ತೇವೆ. ಒಂದೇ ಮರದ ಬಳಿಗೆ ವರ್ಷವಿಡೀ ಹೋಗಿ ಬಂದವರಿಗೆ ಅದರೊಳಗಿನ ಚಲನೆ ಕಾಣುತ್ತದೆ. ಆ ಚಲನೆಯನ್ನು ಕಾಣುವ ಕಣ್ಣನ್ನು ಬೆಳೆಸಿಕೊಳ್ಳುವುದೇ ಈ ಸಂಚಿಕೆಯ ಪಾಠ.

ಉದಾಹರಣೆಗಾಗಿ ತಾಳವಾಡಿ ಸೀಮೆಯ ಕಾಡನ್ನು ಆರಿಸಿಕೊಂಡಿದ್ದೇವೆ. ಈರೋಡು ಜಿಲ್ಲೆಗೆ ಸೇರಿದ ಈ ಸೀಮೆ ದಿಂಬಂ ಘಾಟಿಯ 27 ತಿರುವುಗಳ ಮೇಲಿದೆ. ಸುತ್ತಲಿನ ಸತ್ಯಮಂಗಲದ ಅರಣ್ಯವು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಇಲ್ಲಿ ಹೆಚ್ಚಾಗಿರುವುದು ಎಲೆ ಉದುರಿಸುವ ಕಾಡು. ಬಿಲ್ವ, ಮುತ್ತುಗ, ಹೊನ್ನೆ, ದಿಂಡಿಗ, ನೆಲ್ಲಿ, ಕಕ್ಕೆ ಇಲ್ಲಿಯ ಮರಗಳು.

೧. ಶಿಶಿರ: ಬಿಡುವುದನ್ನು ಕಲಿಯುವ ಕಾಲ

ಮಾಘ, ಫಾಲ್ಗುಣಗಳಲ್ಲಿ ಕಾಡು ಬರಿದಾಗಿ ಕಾಣುತ್ತದೆ. ಮರ ಸತ್ತಿತೆಂದು ಮಕ್ಕಳು ತಿಳಿಯಬಹುದು. ವಾಸ್ತವವಾಗಿ ಅದು ಮರವು ತನ್ನನ್ನು ಉಳಿಸಿಕೊಳ್ಳುವ ಬಗೆ. ಎಲೆಗಳ ಮೂಲಕವೇ ನೀರು ಆವಿಯಾಗಿ ಹೋಗುವುದರಿಂದ, ನೆಲ ಒಣಗಿದಾಗ ಮರವು ಎಲೆಯಲ್ಲಿರುವ ಸಾರದ ಬಹುಭಾಗವನ್ನು ಕಾಂಡಕ್ಕೆ ಹಿಂದಕ್ಕೆ ಎಳೆದುಕೊಂಡು, ತೊಟ್ಟಿನ ಬುಡವನ್ನು ಮುಚ್ಚಿ, ಎಲೆಯನ್ನು ಕಳಚುತ್ತದೆ. ಬೇಡವಾದುದನ್ನು ಬಿಟ್ಟು ಬೇಕಾದುದನ್ನು ಒಳಗಿಟ್ಟುಕೊಳ್ಳುವ ಈ ಕ್ರಮವನ್ನು ಅಪರಿಗ್ರಹದ ಪಾಠವೆಂದು ನಾವು ಓದಿಕೊಳ್ಳಬಹುದು.

ಇದೇ ಕಾಲದಲ್ಲಿ ಎಲೆಯಿಲ್ಲದ ಮುತ್ತುಗವು ಕೆಂಡದಂತಹ ಹೂವನ್ನು ಹೊತ್ತು ನಿಲ್ಲುತ್ತದೆ. ಅದರ ಮಕರಂದಕ್ಕೆ ಹಕ್ಕಿಗಳು ಮುತ್ತುತ್ತವೆ. ಎಲ್ಲವೂ ಒಣಗಿದಾಗಲೂ ಕಾಡಿನ ದಾಸೋಹ ನಿಲ್ಲುವುದಿಲ್ಲ.

೨. ವಸಂತ: ಮಳೆಗೆ ಮುನ್ನವೇ ಚಿಗುರು

ಬಿಲ್ವದ ಮರವನ್ನು ಈಗ ನೋಡಬೇಕು. ಹಳೆಯ ಎಲೆ ಉದುರಿ ತಿಳಿಗೆಂಪಿನ ಹೊಸ ಚಿಗುರು, ಅದರೊಡನೆ ಕಂಪಿನ ಹೂ ಬರುತ್ತವೆ. ಹೂವು ಹಣ್ಣಾಗಲು ಸುಮಾರು 10ರಿಂದ 11 ತಿಂಗಳು ಬೇಕಾಗುವುದರಿಂದ, ಹಿಂದಿನ ವರ್ಷದ ಕಾಯಿ ಇನ್ನೂ ಕೊಂಬೆಯಲ್ಲಿ ಮಾಗುತ್ತಿರುತ್ತದೆ. ಕಳೆದ ವರ್ಷ ಮತ್ತು ಬರುವ ವರ್ಷ ಒಂದೇ ಕೊಂಬೆಯಲ್ಲಿ ಕಾಣುವ ಹೊತ್ತು ಇದು. ಮಳೆ ಬಂದ ಮೇಲೆ ಚಿಗುರುತ್ತೇನೆಂದು ಮರ ಕಾಯುವುದಿಲ್ಲ. ಒಳಗೆ ಕೂಡಿಟ್ಟ ಸಾರದಿಂದ, ಆಳದ ನೀರಿನಿಂದ ಮೊದಲೇ ಚಿಗುರುತ್ತದೆ.

ಲಿಂಗಾರ್ಚನೆಗೆ ಪತ್ರೆ ತರುವ ನಾವು ಈ ಕಾಲದಲ್ಲಿ ಎಚ್ಚರದಿಂದಿರಬೇಕು. ಕೊಂಬೆ ಮುರಿಯದೆ, ಆ ದಿನಕ್ಕೆ ಬೇಕಾದಷ್ಟೇ ದಳಗಳನ್ನು ಬಿಡಿಸಬೇಕು. ಬಿಲ್ವದ ಬೇರಿನಿಂದ ಮರಿಸಸಿಗಳು ಏಳುತ್ತವೆ. ಅವುಗಳಿಗೆ ಮುಳ್ಳುಬೇಲಿ ಕಟ್ಟಿ ದನಗಳಿಂದ ಕಾಯುವುದೂ ಪೂಜೆಯ ಅಂಗವೇ ಸರಿ.

ಕಾಡ್ಗಿಚ್ಚಿನ ಭಯವೂ ಈ ಒಣ ತಿಂಗಳುಗಳಲ್ಲಿಯೇ. 19ನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಹೊರದೇಶದಿಂದ ತಂದ ಲಂಟಾನ ಈಗ ಕಾಡಿನ ಒಳಗೆಲ್ಲ ಹಬ್ಬಿದೆ. ಒಣಗಿದ ಅದರ ಪೊದೆಗೆ ತಗುಲಿದ ಬೆಂಕಿ ನೆಲದ ಹುಲ್ಲಿಗೆ ನಿಲ್ಲದೆ ಮರದ ಕೊಂಬೆಗೇರುತ್ತದೆ. ದಾರಿಯಲ್ಲಿ ಎಸೆದ ಒಂದು ಬೀಡಿ ಎಷ್ಟೋ ವರ್ಷಗಳ ಸಸಿಗಳನ್ನು ಸುಡಬಲ್ಲದು.

೩. ಮಳೆಗಾಲ: ಪುಸ್ತಕ ಮತ್ತು ನೆಲ

ಪಂಚಾಂಗದಲ್ಲಿ ವರ್ಷಋತು ಶ್ರಾವಣ, ಭಾದ್ರಪದಗಳು. ಆದರೆ ಮುಂಗಾರಿನ ಮೋಡಗಳು ನೀಲಗಿರಿ, ವಯನಾಡುಗಳ ಮೇಲೆ ಸುರಿದು ಹಗುರಾಗಿ ಈ ಸೀಮೆಗೆ ಬರುತ್ತವೆ. ಇಲ್ಲಿ ದೊಡ್ಡ ಮಳೆ ಹಿಂಗಾರಿನದು, ಆಶ್ವಯುಜ ಕಾರ್ತಿಕಗಳದು. ಓದಿದ ಋತುವನ್ನು ಕಂಡ ಋತುವಿನೊಡನೆ ತಾಳೆ ನೋಡುವುದನ್ನು ಮಕ್ಕಳಿಗೆ ಕಲಿಸಬೇಕು.

ಮಳೆ ಬಿದ್ದ ಮೇಲೆ ಶಿಶಿರದ ತರಗೆಲೆಯನ್ನು ಮೆಲ್ಲನೆ ಸರಿಸಿ ನೋಡಿರಿ. ಗೆದ್ದಲು, ಸಹಸ್ರಪದಿ, ಅಣಬೆಗಳು ಅದನ್ನು ಮಣ್ಣಾಗಿಸುತ್ತಿರುತ್ತವೆ. ಮರ ಬಿಟ್ಟದ್ದು ಮರಕ್ಕೇ ಪ್ರಸಾದವಾಗಿ ಮರಳುತ್ತದೆ.

೪. ಹೇಮಂತ: ಹಂಚುವ ಕಾಲ

ಮಳೆ ನಿಂತ ಮೇಲೆ ನೆಲ್ಲಿ ಮಾಗುತ್ತದೆ. ಜಿಂಕೆಗಳು ಉದುರಿದ ಕಾಯಿಯನ್ನು ನುಂಗಿ, ಬೇರೆಡೆ ಮಲಗಿ ಮೆಲುಕು ಹಾಕುವಾಗ ಬೀಜವನ್ನು ಉಗುಳುತ್ತವೆ. ಹೀಗೆ ನಿಂತ ಮರವೂ ಜಿಂಕೆಯ ಕಾಲುಗಳಿಂದ ಸಂಚರಿಸುತ್ತದೆ. ಕಾಡಿನ ಈ ವ್ಯವಹಾರಗಳನ್ನು ಬಲ್ಲ ಸೋಲಿಗರನ್ನೂ ಊರಾಳಿಗಳನ್ನೂ ನಾವು ವಿನಯದಿಂದ ಕೇಳಿ ಕಲಿಯಬೇಕು. ಅರಿವಿಗೆ ಜಾತಿಯಿಲ್ಲವೆಂಬುದೇ ಅನುಭವ ಮಂಟಪದ ದಾರಿಯಲ್ಲವೇ?

ಹೆಸರುಗಳ ಉಳಿವು

ಗಡಿಯಲ್ಲಿರುವ ನಮಗೆ ಇನ್ನೊಂದು ಹೊಣೆಯಿದೆ. ನಮ್ಮ ಮಕ್ಕಳಲ್ಲಿ ಹಲವರು ಬೇರೆ ಭಾಷೆಯ ಶಾಲೆಗಳಲ್ಲಿ ಓದುತ್ತಾರೆ. ಮರಗಳ ಕನ್ನಡ ಹೆಸರು ಅವರ ಪಠ್ಯದಲ್ಲಿಲ್ಲ, ಪೇಟೆಯಲ್ಲೂ ಇಲ್ಲ. ಅದಿರುವುದು ಹಿರಿಯರ ನಾಲಗೆಯ ಮೇಲೆ. ಅಜ್ಜನೊಡನೆ ಮೊಮ್ಮಗ ಕಾಡಂಚಿಗೆ ಹೋಗದಿದ್ದರೆ ಒಂದು ತಲೆಮಾರಿನಲ್ಲಿ ದಿಂಡಿಗವೂ ಹೊನ್ನೆಯೂ ಬರಿಯ ‘ಮರ’ವಾಗುತ್ತವೆ. ಹೆಸರು ತಿಳಿಯದ ಮರಕ್ಕೆ ಕೊಡಲಿ ಹಾಕಲು ಕೈ ಹಿಂಜರಿಯುವುದಿಲ್ಲ.

ನೆರೆಯ ಭಾಷೆಯ ಹೆಸರನ್ನೂ ಕಲಿಸೋಣ. ನಮ್ಮ ಬಿಲ್ವ ತಮಿಳರ ವಿಲ್ವಂ. ನಮ್ಮ ಕಕ್ಕೆ ಅವರ ಕೊನ್ರೈ. ಅದರ ಹಳದಿ ಹೂ ತಮಿಳು ಶೈವ ಪರಂಪರೆಯಲ್ಲಿ ಶಿವನಿಗೆ ಪ್ರಿಯವಾದುದು. ಆ ಪರಂಪರೆಯ ಅರವತ್ತಮೂವರನ್ನು ನಮ್ಮ ಹಿರಿಯರು ಪುರಾತನರೆಂದು ಗೌರವಿಸಿದ್ದಾರೆ.

ಅಭ್ಯಾಸ

• ಮನೆಗೆ ಹತ್ತಿರದ ಒಂದು ಮರವನ್ನು ಆರಿಸಿಕೊಂಡು, ಪ್ರತಿ ಹುಣ್ಣಿಮೆಯಂದು ಹಗಲಿನಲ್ಲಿ ಹೋಗಿ ಎಲೆ, ಹೂ, ಕಾಯಿ, ಬಂದ ಹಕ್ಕಿಗಳನ್ನು ಗುರುತು ಹಾಕಿರಿ.
• ಅಲ್ಲಿ ಕಾಲು ಗಂಟೆ ಮೌನವಾಗಿ ಕುಳಿತಿರಿ.
• ಮಕ್ಕಳು ಹಿರಿಯರಿಂದ ಹತ್ತು ಮರಗಳ ಹೆಸರನ್ನು ಕೇಳಿ ಬರೆಯಲಿ.
• ರಕ್ಷಿತಾರಣ್ಯದ ಒಳಗೆ ಅನುಮತಿಯಿಲ್ಲದೆ ಹೋಗಬಾರದು. ಆನೆಗಳ ಸಂಚಾರವಿರುವ ಕಡೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ಹೊಲದ ಬದು, ಗುಡಿಯ ಸುತ್ತಲಿನ ತೋಪು ಸಾಕು.

ಸೊಲ್ಲಾಪುರ, ಜತ್ತ ಕಡೆಯ ಬಯಲುಸೀಮೆಯ ಬಂಧುಗಳು ಕಾಡಿಲ್ಲವೆಂದು ಕೊರಗಬೇಕಾಗಿಲ್ಲ. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು ಅಂಥ ಒಣ ನೆಲದಲ್ಲಿಯೇ. ಬಾಗಿಲ ಮುಂದಿನ ಬೇವೂ ಆರು ಋತುಗಳನ್ನು ಕಾಣುತ್ತದೆ. ನಾವು ಅದರೊಡನೆ ಕಾಣಬೇಕು, ಅಷ್ಟೆ.