ಒಂದು ಶಬ್ದದ ವೃತ್ತಾಂತ

ಇಂಗ್ಲಿಷ್ ಕಲಿಯತೊಡಗಿದ ವಿದ್ಯಾರ್ಥಿಗೆ ಬಲುಬೇಗ ವಶವಾಗುವ ವಿಶೇಷಣಗಳಲ್ಲಿ ‘ನೈಸ್’ ಎಂಬುದೂ ಒಂದು. ಊಟ ನೈಸ್, ಅಂಗಿ ನೈಸ್, ನೆರೆಮನೆಯವರೂ ನೈಸ್. ‘ಚೆನ್ನಾಗಿದೆ’ ಎನ್ನಬೇಕಾದೆಡೆಯಲ್ಲೆಲ್ಲ ಅದನ್ನು ಇರಿಸಿದರೆ ತಪ್ಪೇನೂ ಆಗದೆಂದು ಅವನು ನಂಬುತ್ತಾನೆ. ಆದರೆ ಆ ಶಬ್ದದ ಪೂರ್ವಚರಿತ್ರೆಯನ್ನು ಬಲ್ಲವರು ಈ ಹೊಗಳಿಕೆಯನ್ನು ಕೇಳಿ ಒಳಗೊಳಗೇ ನಗದಿರಲಾರರು.

ಲ್ಯಾಟಿನ್ ಭಾಷೆಯಲ್ಲಿ ‘ನೆಸ್ಕಿಯುಸ್’ ಎಂದರೆ ಅರಿಯದವನು. ಅದರಲ್ಲಿನ ‘ನೆ’ ನಿಷೇಧವನ್ನು ಸೂಚಿಸುತ್ತದೆ. ‘ಸ್ಕೀರೆ’ ಎಂದರೆ ಅರಿಯುವುದು. ‘ಸೈನ್ಸ್’ ಎಂಬ ಗೌರವಾನ್ವಿತ ಶಬ್ದವೂ ಇದೇ ಧಾತುವಿನ ಸಂತಾನವೆಂಬುದು ಸೋಜಿಗವೇ ಸರಿ. ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಎಂಬುದಕ್ಕೆ ಮೂಢ, ದಡ್ಡ ಎಂಬ ಅರ್ಥವಿದ್ದಿತು. ಅಂದು ಒಬ್ಬನನ್ನು ಹಾಗೆಂದು ಕರೆದಿದ್ದರೆ ಜಗಳವೇ ಆಗುತ್ತಿತ್ತೇನೋ!

ಬರಬರುತ್ತ ಅದು ಸಂಕೋಚದ ಸ್ವಭಾವದವನಿಗೆ, ಅನಂತರ ಯಾವುದೂ ಸುಲಭವಾಗಿ ಹಿಡಿಸದ ನಾಜೂಕಿನವನಿಗೆ ಅನ್ವಯಿಸಿತು. ಎಲ್ಲದರಲ್ಲೂ ಕೊರತೆ ಕಾಣುವವನ ಕಣ್ಣಿಗೆ ಕೂದಲೆಳೆಯಷ್ಟು ಭೇದವೂ ಬೀಳುತ್ತದೆಯಲ್ಲವೆ? ಹೀಗೆ 16ನೆಯ ಶತಮಾನದ ಹೊತ್ತಿಗೆ ಸೂಕ್ಷ್ಮ, ನಿಖರ ಎಂಬ ಅರ್ಥಗಳು ಹುಟ್ಟಿಕೊಂಡವು. 1755ರಲ್ಲಿ ಪ್ರಕಟವಾದ ಡಾ. ಜಾನ್ಸನ್ನರ ನಿಘಂಟಿನಲ್ಲಿ ಈ ಅರ್ಥಗಳಿಗೇ ಪ್ರಾಧಾನ್ಯ. ಇಂದು ನಾವು ಬಲ್ಲ ‘ಹಿತವಾದ’ ಎಂಬ ಅರ್ಥ ಆ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂದಿತು. ಬಂದದ್ದೇ ತಡ, ಎಲ್ಲೆಡೆಯೂ ವ್ಯಾಪಿಸಿತು. ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬ್ಬಿ’ ಕಾದಂಬರಿಯಲ್ಲಿ ನಾಯಕಿ ಕ್ಯಾಥರೀನ್ ತನ್ನ ಮೆಚ್ಚಿನ ಪುಸ್ತಕವನ್ನು ‘ನೈಸ್’ ಎನ್ನುತ್ತಾಳೆ. ಹೆನ್ರಿ ಟಿಲ್ನಿ ಅವಳ ಮಾತನ್ನು ಪುಸ್ತಕದ ಅಚ್ಚುಕಟ್ಟಾದ ರಟ್ಟಿಗೆ ಅನ್ವಯಿಸಿ ಹಾಸ್ಯ ಮಾಡುತ್ತಾನೆ.

ಹಳೆಯ ಅರ್ಥ ಇಂದಿಗೂ ಪೂರ್ತಿ ಅಳಿದಿಲ್ಲ. ನ್ಯಾಯಾಲಯದಲ್ಲಿ ಒಂದು ಪ್ರಶ್ನೆಯನ್ನು ನ್ಯಾಯಾಧೀಶರು ‘ನೈಸ್’ ಎಂದರೆ ಅದು ಸೊಗಸಾಗಿದೆಯೆಂದಲ್ಲ, ಬಿಡಿಸಲು ಬಲು ಸೂಕ್ಷ್ಮವಾಗಿದೆಯೆಂದು. ಅನುವಾದಕನು ಇಲ್ಲಿ ‘ಒಳ್ಳೆಯ ಪ್ರಶ್ನೆ’ ಎಂದು ಬರೆದನೆನ್ನಿ. ಪ್ರಶ್ನೆ ಎತ್ತಿದ ಕಕ್ಷಿಗಾರನು ತನ್ನ ಪರವಾಗಿಯೇ ತೀರ್ಪಾಗುವುದೆಂದು ಹಿಗ್ಗಿ ಮನೆಗೆ ಹೋದಾನು! ಕೆಲಸ ಕೆಡಿಸಿದವನಿಗೆ ‘ನೈಸ್’ ಎಂದರಂತೂ ಅದು ಚುಚ್ಚುಮಾತು. ಧ್ವನಿಯನ್ನು ಕೇಳದೆ ಅಕ್ಷರವನ್ನಷ್ಟೇ ಓದುವವನಿಗೆ ಅದು ದಕ್ಕದು.

ಇಂತಹ ಪರಿವರ್ತನೆ ನಮಗೆ ಹೊಸದಲ್ಲ. ‘ಮುಗ್ಧ’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಭ್ರಮೆಗೊಳಗಾದವನು, ಮೂಢ ಎಂಬ ಅರ್ಥವುಂಟು. ಕಪಟವರಿಯದ, ಮನೋಹರವಾದ ಎಂಬ ಅರ್ಥವೂ ಉಂಟು. ನಾವು ಮಗುವಿನ ನಗೆಯನ್ನು ಮುಗ್ಧವೆನ್ನುವಾಗ ಮೊದಲನೆಯದನ್ನು ನೆನೆಯುವುದೇ ಇಲ್ಲ.

‘ನೈಸ್’ ಶಬ್ದವಾದರೋ ನಮ್ಮ ಅಡಿಗೆಮನೆಯನ್ನೂ ಹೊಕ್ಕಿದೆ. ದೋಸೆಗೆ ಹಿಟ್ಟನ್ನು ‘ನೈಸಾಗಿ’ ರುಬ್ಬಬೇಕು, ಅಂದರೆ ತರಿಯಿಲ್ಲದಂತೆ. ಇನ್ನು ಸವಿಮಾತಿನಿಂದ ಒಬ್ಬರನ್ನು ಪುಸಲಾಯಿಸಿ ಕಾರ್ಯ ಸಾಧಿಸಿಕೊಳ್ಳುವುದನ್ನು ‘ನೈಸ್ ಮಾಡುವುದು’ ಎನ್ನುತ್ತೇವೆ. ಈ ಪ್ರಯೋಗವನ್ನು ಕೇಳಿದರೆ ಇಂಗ್ಲಿಷಿನವನೇ ತಬ್ಬಿಬ್ಬಾಗಿ ನಮ್ಮನ್ನು ಅರ್ಥ ಕೇಳಬೇಕಾದೀತು.