ಜಾರಿದ ಸೊನ್ನೆ

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಸಿಕ್ಕಿತು. ದುಭಾಷಿ ತರಗತಿಯಲ್ಲಿ ಚೀನೀ ಭಾಷಣವನ್ನು ಇಂಗ್ಲಿಷಿಗೆ ಹೇಳುವಾಗ, ಮಾತು ಹೆಂಗಸಿನ ಬಗ್ಗೆ ಎಂದು ಗೊತ್ತಿದ್ದೂ ಮೂರು ಸಲ 'ಹೀ' ಎಂದೆಯಂತೆ, ರಾತ್ರಿ ಊಟ ಸೇರಲಿಲ್ಲವಂತೆ. ಹುಚ್ಚಿ, ಮೊದಲು ಊಟ ಮಾಡು. ಬೀಜಿಂಗಿನಲ್ಲೇ ಹುಟ್ಟಿದವರೂ ಇಂಗ್ಲಿಷ್ ಆಡುವಾಗ ಇಲ್ಲಿ ಎಡವುತ್ತಾರೆ. ಅವನು, ಅವಳು, ಅದು ಮೂರೂ ಅವರ ಬಾಯಲ್ಲಿ 'ಥಾ'. 'ಅವಳು' ಎಂಬುದಕ್ಕೆ ಬೇರೆ ಅಕ್ಷರವನ್ನು ಕವಿ ಲಿಯೂ ಬಾನ್‌ನೋಂಗ್ ಚಾಲ್ತಿಗೆ ತಂದದ್ದೇ 1920ರ ಹೊತ್ತಿಗೆ. ಅದೂ ಕಣ್ಣಿಗೆ ಮಾತ್ರ, ಕಿವಿಗಲ್ಲ.

ನನ್ನನ್ನು ಕಾಡಿದ್ದು ಸೊನ್ನೆ. ಗುವಾಂಗ್‌ಝೌನಲ್ಲಿ ಒಂದು ವ್ಯಾಪಾರದ ಮಾತುಕತೆ. ಎದುರಿನಾಕೆ 'ಸಾನ್‌ಷಿ ವಾನ್' ಎಂದಳು. ಸಾನ್‌ಷಿ ಮೂವತ್ತು, ವಾನ್ ಹತ್ತು ಸಾವಿರ. ನಾನು ಗಂಭೀರವಾಗಿ 'ಥರ್ಟಿ ಥೌಸಂಡ್' ಎಂದುಬಿಟ್ಟೆ. 3 ಲಕ್ಷದ ಯಂತ್ರ 30 ಸಾವಿರಕ್ಕೆ! ನಮ್ಮವರು ಕೈಕುಲುಕಲು ಎದ್ದೇಬಿಟ್ಟರು. ಆಕೆ ಮಾತಾಡದೆ ಕ್ಯಾಲ್ಕ್ಯುಲೇಟರ್ ಒತ್ತಿ ಮೇಜಿನ ಮೇಲೆ ತಳ್ಳಿದಳು.

ಇಂಗ್ಲಿಷಿನಲ್ಲಿ ಮೂರು ಸೊನ್ನೆಗೊಮ್ಮೆ ಹೊಸ ಹೆಸರು, ಚೀನಿಯಲ್ಲಿ ನಾಲ್ಕಕ್ಕೊಮ್ಮೆ: ವಾನ್ ದಾಟಿದರೆ ಯೀ, ಅಂದರೆ ನಮ್ಮ 10 ಕೋಟಿ. ನಿನ್ನ ತಲೆಯಲ್ಲಿ ಲಕ್ಷ ಕೋಟಿ ಬೇರೆ ಕೂತಿವೆ. ಅವನ್ನು ಓಡಿಸಬೇಡ, ದುಡಿಸಿಕೋ. 10 ವಾನ್ ಒಂದು ಲಕ್ಷ, 100 ವಾನ್ ಒಂದು ಮಿಲಿಯನ್, 1000 ವಾನ್ ಒಂದು ಕೋಟಿ, 10 ಯೀ ಒಂದು ಬಿಲಿಯನ್. ಇಷ್ಟು ಮಗ್ಗಿಯಂತೆ ಬಾಯಿಪಾಠವಾಗಲಿ. ಆದರೂ ಸಂಖ್ಯೆ ಕಿವಿಗೆ ಬಿದ್ದೊಡನೆ ಅಂಕಿಯಲ್ಲಿ ಬರೆದುಕೋ. ಬರೆಯದೆ ಬಾಯಿ ತೆರೆಯಬೇಡ.

ಸಂಖ್ಯೆಯಂತೆ ಮಾತೂ ಜಾರಿಸುತ್ತದೆ. ಹೊಗಳಿದಾಗ ಚೀನೀಯರು 'ನಾಲಿ ನಾಲಿ' ಎಂದರೆ 'ಎಲ್ಲಿ ಎಲ್ಲಿ' ಎಂದು ಹುಡುಕಲು ಹೊರಡಬೇಡ, 'ಅಷ್ಟೇನಿಲ್ಲ ಬಿಡಿ' ಎಂಬ ಸಂಕೋಚ ಅದು. ಈ ತಪ್ಪು ನಗಿಸಿ ಹೋಗುತ್ತದೆ. 'ದುಯ್', ಅಂದರೆ 'ಸರಿ', ಹಾಗಲ್ಲ. 'ನಾಳೆ ನೀವು ಬರುವುದಿಲ್ಲವೇ?' ಎಂದು ಇಂಗ್ಲಿಷಿನವರು ಕೇಳಿದರು, ಚೀನೀಯರು 'ದುಯ್' ಎಂದರು, ನನ್ನ ಜೊತೆಯ ಹುಡುಗ 'ಯೆಸ್' ಎಂದ. ಮರುದಿನ ಆ ಇಂಗ್ಲಿಷಿನ ಅತಿಥಿ ಹೋಟೆಲಿನ ಬಾಗಿಲಲ್ಲಿ ಕಾದದ್ದೇ ಕಾದದ್ದು. 'ಹೂಂ, ಬರಲ್ಲ' ಎನ್ನುವ ನಾವು ಈ ವಿಷಯದಲ್ಲಿ ಚೀನೀಯರ ಪಕ್ಷ. ಅದಕ್ಕೇ ಅವರ 'ದುಯ್' ನಿನಗೆ ತಕ್ಷಣ ಅರ್ಥವಾಗುತ್ತದೆ, ಇಂಗ್ಲಿಷಿನ 'ನೋ' ಮಾತ್ರ ನಾಲಿಗೆಗೆ ತಡವಾಗಿ ಬರುತ್ತದೆ.

ಬೇಸಿಗೆಗೆ ಬಾ, ನನ್ನ ಹಳೆಯ ಟಿಪ್ಪಣಿ ಪುಸ್ತಕ ಕೊಡುತ್ತೇನೆ. ಆ ದಿನದ ಪುಟ ಹರಿದಿಲ್ಲ. 'ವಾನ್' ಎಂದಷ್ಟೇ ಗೀಚಿದ್ದೇನೆ, ಪಕ್ಕದಲ್ಲಿ ಒಂದು ಸೊನ್ನೆಯೂ ಇಲ್ಲ.

ನಿನ್ನ,
ದೊಡ್ಡಪ್ಪ