ಬಸವನ ಬೆನ್ನಿನ ಮೇಲಿನ ಬಾರುಕೋಲು

ಬೆಸಗರಹಳ್ಳಿಯ ಸೀಮೆಯಲ್ಲಿ ನಾವು ಎತ್ತನ್ನು ಬಸವನೆಂದೇ ಕರೆದು, ಸಂಕ್ರಾಂತಿಯಂದು ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಪೂಜಿಸುವೆವು. ಅದೇ ಹಳ್ಳಿಕಾರ್ ಜೋಡಿಯನ್ನು ಗಾಡಿ ಓಟದ ಪಂದ್ಯದಲ್ಲಿ ಬಾಲ ತಿರುಚಿ, ಬಾರುಕೋಲಿನಿಂದ ಬಡಿದು ಓಡಿಸಿದರೆ ಆ ಪೂಜೆಯ ಫಲವೇನು?

2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿನ ಓಟಗಳನ್ನು ನಿಷೇಧಿಸಿತು. 2017ರ ಕರ್ನಾಟಕದ ತಿದ್ದುಪಡಿ ಕಾಯಿದೆಯು ಅವಕ್ಕೆ ಅನುಮತಿಯಿತ್ತಿತು; 2023ರಲ್ಲಿ ಅದೇ ನ್ಯಾಯಾಲಯವು ಅದನ್ನು ಮಾನ್ಯ ಮಾಡಿತು. ಆದರೆ ಪ್ರಾಣಿಯನ್ನು ಅನಗತ್ಯವಾಗಿ ನೋಯಿಸಬಾರದೆಂಬ ನಿಬಂಧನೆಯೂ ಆ ಕಾಯಿದೆಯಲ್ಲಿಯೇ ಉಂಟು.

ಕಾಯಿದೆಯ ಕಣ್ಣು ಪ್ರತಿಯೊಂದು ಬಯಲನ್ನೂ ಕಾಣಲಾರದು. ಹೊಡೆಯುವವನ ಕೈಗೆ ಬಲ ಕೊಡುವುದು ನೋಡುಗರ ಕೇಕೆ. ಸಕಲ ಜೀವಿಗಳಲ್ಲಿಯೂ ಕರುಣೆಯಿಡದವನ ಧರ್ಮಾಚರಣೆ ವ್ಯರ್ಥವೆಂದು ಬಸವಣ್ಣನವರು ಬೋಧಿಸಿದರು. ಆದುದರಿಂದ ಎತ್ತಿಗೆ ಪೆಟ್ಟು ಬಿದ್ದಾಗ ಕೇಕೆಯನ್ನು ನಿಲ್ಲಿಸಿ, ‘ಹೊಡೆಯಬೇಡಪ್ಪಾ’ ಎಂದು ತಡೆಯುವುದೇ ನಿಜವಾದ ಬಸವಪೂಜೆ.